ಎಲೆತೋಟದ ಗಣರಾಜ್ಯಕ್ಕೆ ಹಾನಗಲ್ಲಿನ ಮಾನ್ಯತೆ

ನಾನು ಒಂದು ದೇಶದ ಅಧ್ಯಕ್ಷ. ಜಂಬಕ್ಕೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ. ಸವಣೂರಿನ ಅಂಚಿನಲ್ಲಿರುವ ನನ್ನ ಅರ್ಧ ಎಕರೆ ಎಲೆಬಳ್ಳಿ ತೋಟವನ್ನು ಕಳೆದ ವರ್ಷ ಒಂದು ಮಧ್ಯಾಹ್ನ, ಊಟ ಮುಗಿಸಿ, ಸ್ವತಂತ್ರ ಗಣರಾಜ್ಯವೆಂದು ಇಂಟರ್ನೆಟ್ಟಿನಲ್ಲಿ ಘೋಷಿಸಿದೆ. ಯಾರೂ ವಿರೋಧಿಸಲಿಲ್ಲ!

ಜಗತ್ತಿನಲ್ಲಿ ಇಂಥ ದೇಶಗಳು ಬೇಕಾದಷ್ಟಿವೆ. ಒಬ್ಬರು ಮಹಡಿಯನ್ನು, ಇನ್ನೊಬ್ಬರು ಹಿತ್ತಲನ್ನು ದೇಶ ಮಾಡಿಕೊಂಡು ಧ್ವಜ, ಸಂವಿಧಾನ, ವೆಬ್‌ಸೈಟು ಇಟ್ಟುಕೊಂಡಿದ್ದಾರೆ. ನಿಜವಾದ ಸರ್ಕಾರಗಳು ಇವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದ್ದರಿಂದ ಇವರೇ ಒಬ್ಬರನ್ನೊಬ್ಬರು ಲೆಕ್ಕಕ್ಕೆ ಹಿಡಿಯುತ್ತಾರೆ. ‘ನಾವು ನಿಮ್ಮನ್ನು ದೇಶವೆಂದು ಒಪ್ಪಿದ್ದೇವೆ, ನೀವೂ ನಮ್ಮನ್ನು ಒಪ್ಪಿರಿ’ ಎಂದು ಒಪ್ಪಂದ ಮಾಡಿಕೊಳ್ಳುತ್ತಾರೆ. ಇದಕ್ಕೆ ರಾಜತಾಂತ್ರಿಕ ಮಾನ್ಯತೆ ಎಂದು ಹೆಸರು.

ಅದೇನು ಸುಲಭವಲ್ಲ. ಚಳಿ ದೇಶದ ಕಡೆಯ ಒಂದು ಸಾಮ್ರಾಜ್ಯ, ಅದರ ವಿಸ್ತೀರ್ಣ ಎರಡು ಕೋಣೆ ಮತ್ತು ಒಂದು ಬಚ್ಚಲು, ನನ್ನ ಮನವಿಗೆ ಉತ್ತರ ಬರೆಯಿತು: ‘ನಿಮ್ಮ ಜನಸಂಖ್ಯೆ ಸಾಲದು. ಒಂದು ವರ್ಷ ಬಾಳಿ ತೋರಿಸಿ, ಆಮೇಲೆ ನೋಡೋಣ.’ ನನಗೆ ಸಿಟ್ಟು ನೆತ್ತಿಗೇರಿತು. ಅವರೊಂದಿಗಿನ ಸಂಬಂಧವನ್ನು ತಕ್ಷಣ ಕಡಿದುಕೊಂಡೆ. ಸಂಬಂಧವೇ ಇರಲಿಲ್ಲ ಎನ್ನುವುದು ಬೇರೆ ಮಾತು. ಇನ್ನೆರಡು ಮಿತ್ರರಾಷ್ಟ್ರಗಳು ಧ್ವಜದ ಬಣ್ಣಕ್ಕಾಗಿ ಜಗಳಾಡಿ, ‘ಅವರಿಗೆ ಕೊಟ್ಟ ಮಾನ್ಯತೆ ಹಿಂತೆಗೆದುಕೊಳ್ಳಿ’ ಎಂದು ಎರಡೂ ನನಗೇ ದುಂಬಾಲು ಬಿದ್ದವು. ನಾನು ತಟಸ್ಥ ನೀತಿಯ ಬಗ್ಗೆ ಉದ್ದನೆಯ ಹೇಳಿಕೆ ಹೊರಡಿಸಿದೆ. ಎರಡೂ ನನ್ನನ್ನು ಬಿಟ್ಟವು! ಆದರೂ ನಮಗೆ ಮಾನ್ಯತೆ ಕೊಟ್ಟ ಎಂಟು ದೇಶಗಳು ಉಳಿದವು.

“ಅಲ್ರಿ, ಬಾಜೂ ತೋಟದವ್ರ ಜೋಡಿ ಬೇಲಿ ಸಲುವಾಗಿ ಮಾತು ಬಿಟ್ಟೀರಿ. ಎಂಟು ದೇಶ ತುಗೊಂಡು ಏನ್ ಮಾಡ್ತೀರಿ?” ಎಂದಳು ಹೆಂಡತಿ ಗಿರಿಜಾ.

“ಅದು ಗಡಿವಿವಾದ. ನಿನಗ ತಿಳಿಯೂದಿಲ್ಲ,” ಎಂದೆ ಗಂಭೀರವಾಗಿ.

“ಹಂಗಾರ ಗಡಿಯಾಗಿನ ಕಸಾನಾದ್ರೂ ತಗೀರಿ!”

ಈ ನಡುವೆ ಮನೆಯಲ್ಲಿ ಇನ್ನೊಂದು ಮಾತುಕತೆ ನಡೆದಿತ್ತು. ಮಗಳು ಶೋಭಾಗೆ ಹಾನಗಲ್ಲಿನಿಂದ ಒಂದು ಸಂಬಂಧ ಬಂದಿತ್ತು. ಹುಡುಗನದು ಔಷಧಿ ಅಂಗಡಿ. ಬಂದ ಸಂಬಂಧಗಳಿಗೆಲ್ಲ ಮೂಗು ಮುರಿಯುತ್ತಿದ್ದ ನಮ್ಮ ಶೋಭಾ ಈ ಹುಡುಗ ನೋಡಿಹೋದ ಮೇಲೆ ಅಡಿಗೆಮನೆಯಲ್ಲಿ ಹಾಡು ಗುನುಗತೊಡಗಿದ್ದಳು. ಹುಡುಗನ ಮನೆಯವರು ಅಮಾವಾಸ್ಯೆ ಕಳೆದ ಮೇಲೆ ತಮ್ಮ ಒಪ್ಪಿಗೆ ತಿಳಿಸುವವರಿದ್ದರು.

ಸರಿಯಾಗಿ ಆಗಲೇ ನನಗೆ ಒಂಬತ್ತನೆಯ ದೇಶ ಸಿಕ್ಕಿತು: ಬೇವಿನಕಟ್ಟೆ ಸಂಸ್ಥಾನ. ಅದರ ಅಧ್ಯಕ್ಷರೊಂದಿಗೆ ಒಂದು ತಿಂಗಳಿಂದ ಇಂಗ್ಲಿಷಿನಲ್ಲಿ ಘನವಾದ ಪತ್ರವ್ಯವಹಾರ ನಡೆಸಿದ್ದೆ. ಈಗ ಅವರು ಹಿರೇಕೆರೂರು ತಾಲೂಕಿನ ಅಬಲೂರು ಕಡೆಯ ನಿವೃತ್ತ ಬಸ್ ಕಂಡಕ್ಟರು ಎಂದು ತಿಳಿಯಿತು. ಉಳಿದ ಎಂಟೂ ದೇಶಗಳನ್ನು ಕಣ್ಣಿಂದ ಕಂಡವನಲ್ಲ ನಾನು. ಇದೊಂದು ಕಾರಿನಲ್ಲಿ ಬರುವಷ್ಟು ಹತ್ತಿರ! ಅಧಿಕೃತ ಭೇಟಿಗೆ ಆಹ್ವಾನಿಸಿಬಿಟ್ಟೆ.

ಅಧ್ಯಕ್ಷರು ರುಮಾಲು ಸುತ್ತಿಕೊಂಡು, ಪತ್ನಿಯೊಂದಿಗೆ, ವಿದೇಶಾಂಗ ಸಚಿವರೊಂದಿಗೆ ಬಂದಿಳಿದರು. ವಿದೇಶಾಂಗ ಸಚಿವರೆಂದರೆ ಅವರ ಮಗ. ಲಕ್ಷಣವಾದ ಹುಡುಗ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಅಂಗಳದಲ್ಲಿ ಜಮಖಾನೆ ಹಾಸಿ ಕೂರಿಸಿದೆ. ಮನೆಗೆ ಬಂದ ಮುತ್ತೈದೆಯೆಂದು ಗಿರಿಜಾ ಅವರ ಪತ್ನಿಗೆ ಉಡಿ ತುಂಬಿದಳು. ಶೋಭಾ ಚಹಾ ತಂದುಕೊಟ್ಟಳು. ಒಪ್ಪಂದಕ್ಕೆ ಸಹಿ ಬಿದ್ದ ಮೇಲೆ, ನಮ್ಮ ದೇಶದ ರಾಷ್ಟ್ರೀಯ ಬೆಳೆಯೇ ಎಲೆಯಾದ್ದರಿಂದ, ತಟ್ಟೆಯಲ್ಲಿ ಎಲೆ ಅಡಿಕೆ ಕಾಯಿ ಇಟ್ಟು ಅಧ್ಯಕ್ಷರ ಕೈಗೆ ಕೊಟ್ಟೆ. ಅವರೂ ಒಂದು ತಟ್ಟೆ ತಂದಿದ್ದರು, ನನಗೆ ಕೊಟ್ಟರು. ಪರಸ್ಪರ ಬಾಯಿಗೆ ಸಕ್ಕರೆ ಹಾಕಿದೆವು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿ ಬಂತು.

ನಮ್ಮ ಸೀಮೆಯಲ್ಲಿ ಹುಡುಗಿ ಇರುವ ಮನೆಗೆ ಹುಡುಗನ ತಂದೆತಾಯಿ ಕಾರಿನಲ್ಲಿ ಬಂದು, ಎಲೆ ಅಡಿಕೆ ಬದಲಾಯಿಸಿ, ಸಕ್ಕರೆ ತಿಂದರೆ ಅದಕ್ಕೆ ಏನೆನ್ನುತ್ತಾರೆಂದು ಕೂಸಿಗೂ ಗೊತ್ತು. ಒಂಬತ್ತು ರಾಷ್ಟ್ರಗಳ ವ್ಯವಹಾರ ಬಲ್ಲ ನನಗೆ ಮಾತ್ರ ಹೊಳೆಯಲಿಲ್ಲ!

ಪಕ್ಕದ ಮನೆಯ ಹಸೀನಾಬಿ ಕಂಪೌಂಡಿನ ಮೇಲಿಂದ ಇಣುಕಿ, “ಮುಬಾರಕ್ ರೀ ಅಣ್ಣಾರ! ಹುಡುಗ ಭಾಳ ಛಲೋ ಅದಾನ!” ಎಂದರು.

ವಿದೇಶಾಂಗ ಸಚಿವರನ್ನು ಹೊಗಳಿದ್ದು ಕೇಳಿ ನಾನು ಉಬ್ಬಿಹೋದೆ. “ಹೌದ್ರೀ ಅಕ್ಕಾರ, ಶ್ಯಾಣ್ಯಾ ಹುಡುಗ. ಇನ್ನ ಮ್ಯಾಲ ಅವರೂ ನಾವೂ ಹೋಗೂದು ಬರೂದು ಇದ್ದದ್ದ!”

ಅತಿಥಿಗಳ ಕಾರು ಹಿರೇಕೆರೂರು ಮುಟ್ಟುವ ಮೊದಲೇ ಸುದ್ದಿ ಹಾನಗಲ್ಲು ಮುಟ್ಟಿತ್ತು. ಮರುದಿನ ಬೆಳಿಗ್ಗೆ ಹುಡುಗನ ತಂದೆಯ ಫೋನು. “ನಿಮ್ಮ ಮಗಳದು ಹಿರೇಕೆರೂರು ಕಡೆ ಗಟ್ಟಿ ಆತಂತಲ್ರಿ. ನಮಗೊಂದು ಮಾತು ಹೇಳಬೇಕಿತ್ತು. ಇರಲಿ, ಛಲೋ ಆಗ್ಲಿ.” ಇಟ್ಟೇಬಿಟ್ಟರು.

ಶೋಭಾ ಬಾಗಿಲಲ್ಲಿ ನಿಂತಿದ್ದಳು. “ಅಪ್ಪಾ, ನಿನ್ನ ದೇಶ ನೀ ಆಳ್ಕೋ. ಅದ್ರಾಗ ನನ್ನ ಬಾಳೇ ಯಾಕ ಹಾಳ ಮಾಡ್ತಿ?” ಎಂದವಳು ಅಳುತ್ತ ಒಳಗೆ ಹೋದಳು. ಅಂಗಿ ಸಿಕ್ಕಿಸಿಕೊಂಡು ಹಾನಗಲ್ಲಿನ ಬಸ್ಸು ಹತ್ತಿದೆ.

ಅಲ್ಲಿ ಹುಡುಗನ ತಂದೆ, ಪಕ್ಕದಲ್ಲಿ ಅವರ ಮುದಿ ತಾಯಿ ಕೂತಿದ್ದರು. ನಾನು ರಾಜತಾಂತ್ರಿಕ ಧಾಟಿಯಲ್ಲಿ ಶುರು ಮಾಡಿದೆ. “ಅದು ಲಗ್ನದ್ದಲ್ರಿ. ಹೊರದೇಶದವ್ರು ಬಂದಿದ್ರು. ಮಾನ್ಯತೆ ಕೊಟ್ಟು ತುಗೊಂಡ್ವಿ.”

“ಯಾವ ದೇಶದವ್ರು?”

“ಹಿರೇಕೆರೂರು ತಾಲೂಕಿನವ್ರು.”

ಅವರು ತಾಯಿಯ ಮುಖ ನೋಡಿದರು. ತಾಯಿ ನನ್ನ ಕಡೆ ನೀರಿನ ತಂಬಿಗೆ ಸರಿಸಿದರು. ನಾನು ಮೊಬೈಲಿನಲ್ಲಿ ನಮ್ಮ ಧ್ವಜ, ಸಂವಿಧಾನ, ಗಣರಾಜ್ಯವಾದರೂ ಇರಲೆಂದು ಮಾಡಿಸಿದ ನನ್ನ ಕಿರೀಟದ ಫೋಟೋ ಎಲ್ಲ ತೋರಿಸಿದೆ. ತೋರಿಸಿದಷ್ಟೂ ಅವರು ಹಿಂದೆ ಹಿಂದೆ ಸರಿದು ಕೂತರು. ಕೊನೆಯ ಅಸ್ತ್ರವೆಂದು ಬೇವಿನಕಟ್ಟೆ ಅಧ್ಯಕ್ಷರಿಗೇ ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. “ಅಧ್ಯಕ್ಷರ, ನಿನ್ನೆ ಆದದ್ದೇನು, ಇವರಿಗೆ ಒಂದೀಟು ಹೇಳ್ರಿ!”

ಅವರು ಗಂಟಲು ಸರಿಮಾಡಿಕೊಂಡು, “ನಮ್ಮ ಎರಡೂ ಮನೆತನದ ಸಂಬಂಧ ಇನ್ನ ಏಳೇಳು ಜನ್ಮಕ್ಕೂ ಬಿಡೂದಿಲ್ರಿ!” ಎಂದು ಗುಡುಗಿದರು.

ನಾನು ಫೋನು ಕತ್ತರಿಸಿದೆ. ಎಲ್ಲ ಮುಗಿಯಿತು ಅಂದುಕೊಂಡೆ.

ಆಗ ಆ ಮುದುಕಿ ಬಾಯಿ ತೆರೆದರು. “ತಮ್ಮಾ, ನಿನ್ನ ದೇಶದಾಗ ಎಷ್ಟು ಮಂದಿ ಅದಾರ?”

“ಮೂರು ಮಂದಿ ರೀ. ನಾನು, ನನ್ನ ಹೇಣ್ತಿ, ಮಗಳು.”

“ನಿನ್ನ ಹೇಣ್ತಿಗೆ ಫೋನ್ ಹಚ್ಚು.”

ಹಚ್ಚಿದೆ. ಮುದುಕಿಯೇ ಕೇಳಿದರು, “ಏನವ್ವಾ, ನೀ ಯಾ ದೇಶದಾಕಿ?”

“ನಾ ಭಾರತದಾಕಿ ಅದೀನ್ರಿ ಅವ್ವಾರ!” ಗಿರಿಜಾಳ ದನಿ ಮನೆ ತುಂಬ ಕೇಳಿಸಿತು. “ನನ್ನ ಮಗಳೂ ಭಾರತದಾಕೀನ. ಆಕೀಗೆ ನಿಮ್ಮ ಹುಡುಗ ಮನಸಿಗೆ ಬಂದಾನ, ಎರಡು ದಿನ ಆತು ಉಂಡಿಲ್ಲ. ಇವರ ತಲಿ ಛಲೋ ಐತ್ರಿ, ಹೊತ್ತು ಹೋಗೂದಿಲ್ಲ ಅಷ್ಟ. ಲಗೂನ ಕಳಸ್ರಿ, ತೋಟಕ್ಕ ನೀರು ಬಿಡೂದೈತಿ.”

ಸುದ್ದಿ ಬಂದದ್ದು ಅದೇ ಬೆಳಿಗ್ಗೆ; ಎರಡು ದಿನ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಮುದುಕಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. “ಮನ್ಯಾಗ ಒಬ್ಬಾಕಿ ಶ್ಯಾಣ್ಯಾಕಿ ಅದಾಳ. ಸಾಕು,” ಎಂದು ಮಗನಿಗೆ ಹೇಳಿದರು. ಹುಡುಗನ ತಂದೆ ಕೈಮುಗಿದು ನನ್ನನ್ನು ಬಸ್ಸಿಗೆ ಹತ್ತಿಸಿದರು. “ಐತವಾರ ಬರ್ತೇವ್ರಿ. ಆದ್ರ ಮಾತುಕತಿ ಎಲ್ಲಾ ನಿಮ್ಮ ಮನಿಯವ್ರ ಜೋಡಿ. ನೀವು ಸುಮ್ಮನ ಕುಂದರ್ರಿ.”

ಹೀಗೆ ಒಂಬತ್ತು ರಾಷ್ಟ್ರಗಳು ಒಪ್ಪಿದ ನನ್ನ ಸರ್ಕಾರವನ್ನು ಹಾನಗಲ್ಲು ಒಂದೇ ಮಾತಿನಲ್ಲಿ ಇಳಿಸಿ, ಗಿರಿಜಾಳನ್ನು ಕೂರಿಸಿತು. ಭಾನುವಾರ ಅವರು ಬಂದಾಗ ಎಲೆ ಅಡಿಕೆ ತಟ್ಟೆ ಅವಳ ಕೈಯಲ್ಲಿತ್ತು. ಶೋಭಾ ನಗುತ್ತಿದ್ದಳು. ಅದನ್ನು ನೋಡಿ ನನಗೆ ಆದ ಹಿಗ್ಗು ಯಾವ ಒಪ್ಪಂದದಲ್ಲೂ ಆಗಿರಲಿಲ್ಲ.

ನನಗೂ ಒಂದು ಹೊಣೆ ವಹಿಸಿದ್ದರು: ಪೇಟೆಗೆ ಹೋಗಿ ಚಹಾದ ಜೊತೆ ಕುರುಕಲು ನಮ್ಮೂರ ಖಾರ ತರುವುದು. ತಂದುಕೊಟ್ಟೆ. ಹಾನಗಲ್ಲಿನವರು ಒಂದು ಹಿಡಿ ಬಾಯಿಗೆ ಹಾಕಿಕೊಂಡು, “ಸವಣೂರು ಖಾರ ಅಂದ್ರ ಖಾರ ಬಿಡ್ರಿ!” ಎಂದು ಒಪ್ಪಿಕೊಂಡರು. ಅಂದೇ ಸಂಜೆ ನಮ್ಮ ವೆಬ್‌ಸೈಟಿನಲ್ಲಿ ನಮಗೆ ಮಾನ್ಯತೆ ಕೊಟ್ಟ ಹತ್ತನೆಯ ರಾಷ್ಟ್ರವೆಂದು ಹಾನಗಲ್ಲನ್ನು ಸೇರಿಸಿದ್ದೇನೆ. ಬೀಗರಿಗೆ ಇನ್ನೂ ತಿಳಿಸಿಲ್ಲ.