ಕೇಳದೆ ಕೊಟ್ಟ ಉಲ್ಲೇಖ

ಆ ದಿನದ ರಾದ್ಧಾಂತಕ್ಕೆಲ್ಲ ಮೂಲ ನಿರ್ದೇಶಕರು ಬೆಳಿಗ್ಗೆ ಕಳಿಸಿದ ಒಂದು ಪುಟ್ಟ ಸಂದೇಶ. ಸಂಸ್ಥೆಗೆ ಹೊಸ ಸೂಕ್ಷ್ಮದರ್ಶಕ ಬಂದಿದೆ, ಇಲ್ಲಿನವರ ಪೈಕಿ ಯಾರ ಸಂಶೋಧನೆಯನ್ನು ಉಳಿದವರು ತಮ್ಮ ಲೇಖನಗಳಲ್ಲಿ ಹೆಚ್ಚು ಉಲ್ಲೇಖಿಸಿದ್ದಾರೋ ಅವರಿಗೇ ಅದು, ಸಂಜೆ ನಮ್ಮ ಪತ್ರಿಕೆಯ ಹೊಸ ಸಂಚಿಕೆ ಹೊರಬಿದ್ದ ಮೇಲೆ ಎಣಿಕೆ ಎಂದು ಅದರಲ್ಲಿತ್ತು.

ನಮ್ಮ ನರವಿಜ್ಞಾನಿಯ ಕೈಯಲ್ಲಿದ್ದ ಕಾಫಿ ಆರಿಹೋಯಿತು. ಮೊಟ್ಟೆಯೊಳಗಿನ ಕೋಳಿಮರಿಯಲ್ಲಿ ಎಳೆಯ ನರವೊಂದು ಬೆನ್ನುಹುರಿಯಿಂದ ಹೊರಟು ದಾರಿ ತಪ್ಪದೆ ಕಾಲ್ಬೆರಳು ಮುಟ್ಟುವುದು ಹೇಗೆ ಎನ್ನುವುದೇ ಅವನ ಬದುಕಿನ ಪ್ರಶ್ನೆ. ಇಷ್ಟು ವರ್ಷ ಬಣ್ಣ ಹಚ್ಚಿದ ಸತ್ತ ನರಗಳನ್ನು ನೋಡಿಯೇ ಊಹಿಸುತ್ತ ಬಂದಿದ್ದ. ಹೊಸ ಯಂತ್ರ ಸಿಕ್ಕರೆ ಜೀವಂತ ನರ ಬೆಳೆಯುವುದನ್ನು ಕಣ್ಣಾರೆ ಕಾಣಬಹುದು. ಅದು ಬೇರೆಯವರ ಪಾಲಾಗುತ್ತದೆಂದು ನೆನೆದರೇ ಅವನಿಗೆ ಅಳು ಬರುವಂತಾಯಿತು.

“ಕೆಲ್ಸ ಮಾಡಿದ್ರೆ ಮಾತ್ರ ಸಾಲ್ದು ರೀ, ಬಾಯಿ ಬಿಟ್ಟು ಕೇಳ್ಬೇಕು,” ಎಂದಳು ಹೆಂಡತಿ. “ನಮ್ಮ ಮದುವೆ ಮಾತನ್ನೂ ನಾನೇ ಎತ್ತಬೇಕಾಯ್ತು.”

ಸಂಚಿಕೆಯಲ್ಲಿ ಎಲ್ಲರ ಲೇಖನಗಳೂ ಇದ್ದವು. ಮಧ್ಯಾಹ್ನದವರೆಗೆ ತಿದ್ದುಪಡಿಗೆ ಅವಕಾಶವಿತ್ತು. ಅವನು ಮೊದಲು ಹೋದದ್ದು ಬೆನ್ನುಹುರಿಯ ಮೇಲೆ ಕೆಲಸ ಮಾಡುವ ಹಿರಿಯ ಸಹೋದ್ಯೋಗಿಯ ಬಳಿಗೆ. ಅವರದು ನೇರ ವ್ಯವಹಾರ.

“ನಿಮ್ಮದೊಂದು ನಾನು ಹಾಕ್ತೀನಿ, ನನ್ನದೆರಡು ನೀವು ಹಾಕಿ. ಸೀನಿಯರ್ ಅಲ್ವೇನ್ರೀ ನಾನು?”

ಎರಡರಲ್ಲೊಂದು ಗೊದಮೊಟ್ಟೆಯ ಬಾಲದ ಕುರಿತಾದದ್ದು. ಕೋಳಿಮರಿಯ ಕಾಲಿನ ಲೇಖನದಲ್ಲಿ ಗೊದಮೊಟ್ಟೆಯ ಬಾಲ ತೂರಿಸುವಷ್ಟರಲ್ಲಿ ಅವನು ಬೆವರಿಬಿಟ್ಟ.

ಮುಂದಿನ ಕೋಣೆ ಕಣ್ಣಿನ ನರದ ಮೇಡಂ ಅವರದು. ಅವನು ತಡವರಿಸುತ್ತ ವಿಷಯ ತೆಗೆದಾಗ ಅವರಿಗೆ ನಗು ಬಂತು. “ಎಷ್ಟೋ ವರ್ಷದಿಂದ ಹಾಕ್ತಾನೇ ಇದ್ದೀನಲ್ಲ. ನಿಮ್ಮ ಕೆಲಸ ಇಲ್ದಿದ್ರೆ ನನ್ನ ಕೆಲಸ ನಡಿಯೋದೇ ಇಲ್ಲ,” ಎಂದರು. ಇಂಥವರನ್ನು ತಾನು ಒಂದು ಸಲವೂ ಉಲ್ಲೇಖಿಸಲಿಲ್ಲವಲ್ಲ ಎಂದು ಅವನಿಗೆ ನಾಚಿಕೆಯಾಯಿತು. ಏನೂ ಬೇಡ ಅಂತ ಅವರು ಎಷ್ಟು ಹೇಳಿದರೂ ಕೇಳದೆ ಅವರ ಲೇಖನಗಳನ್ನೂ ಸೇರಿಸಿದ.

ಉಳಿದವರು ಕಿವಿಯ ನರದವರು. ನಕ್ಕರೆ ಎಲ್ಲಿ ಖರ್ಚಾಗಿಬಿಡುತ್ತದೋ ಎಂಬಂಥ ಮುಖ. ಬರಿಗೈಯಲ್ಲಿ ಹೋದರೆ ಮಾತೇ ಆಡಲಾರರೆಂದು, ಬಾಗಿಲು ತಟ್ಟುವ ಮೊದಲೇ ಅವನು ಅವರ ಲೇಖನಗಳನ್ನೆಲ್ಲ ಒಂದೂ ಬಿಡದೆ ತುಂಬಿಸಿ, ಸಂಪಾದಕರಿಗೆ ಕಳಿಸಿಯೇ ಒಳಗೆ ಹೋದ.

“ಕಿವಿಗೂ ಕೋಳಿ ಕಾಲಿಗೂ ಏನ್ರೀ ಸಂಬಂಧ? ನಾನು ಹಾಕಲ್ಲ,” ಎಂದು ಅವರು ಇವನ ಮಾತು ಮುಗಿಯುವ ಮೊದಲೇ ಬಾಗಿಲು ಮುಚ್ಚಿದರು.

ಕಿವಿಯವರ ಉಲ್ಲೇಖಗಳನ್ನು ತೆಗೆಸಲು ಅವನು ಸಂಪಾದಕರಲ್ಲಿಗೆ ಏದುಸಿರು ಬಿಡುತ್ತ ಓಡಿದ. ತಿದ್ದುಪಡಿಯ ಗಡುವು ಮುಗಿದಿತ್ತು. ಲೇಖನಕ್ಕಿಂತ ಉಲ್ಲೇಖಗಳ ಪಟ್ಟಿಯೇ ಉದ್ದವಾಗಿದೆಯೆಂದು ಅವರು ಗೊಣಗಿದ್ದಷ್ಟೇ ಬಂತು.

ಸಂಜೆ ಎಲ್ಲರೂ ಸಭಾಂಗಣದಲ್ಲಿ ಸೇರಿದರು. ಮೇಡಂ ಅವರ ಅಷ್ಟೂ ವರ್ಷಗಳ ಉಲ್ಲೇಖಗಳಿಂದಾಗಿ ಪರದೆಯ ಮೇಲೆ ನಮ್ಮ ನರವಿಜ್ಞಾನಿಯೇ ಎಲ್ಲರಿಗಿಂತ ಮುಂದಿದ್ದ. ಯಂತ್ರವನ್ನು ಕಿಟಕಿಯ ಪಕ್ಕ ಇಡುವುದೋ ಗೋಡೆಯ ಪಕ್ಕವೋ ಎಂದು ಅವನು ಆಗಲೇ ಯೋಚಿಸತೊಡಗಿದ್ದ. ಆಗ ನಿರ್ದೇಶಕರು ಗಂಟಲು ಸರಿಮಾಡಿಕೊಂಡರು.

“ಬೆಳಿಗ್ಗೆಯಿಂದ ಇಲ್ಲಿ ಏನು ವ್ಯಾಪಾರ ನಡೀತು ಅಂತ ನನಗೂ ಗೊತ್ತಾಗಿದೆ. ಒಬ್ಬರನ್ನೊಬ್ಬರು ಉಲ್ಲೇಖಿಸಿಕೊಂಡಿದ್ರೆ ಅದು ಲೆಕ್ಕಕ್ಕಿಲ್ಲ. ಹಳೇದಾದ್ರೂ ಅಷ್ಟೇ, ಹೊಸದಾದ್ರೂ ಅಷ್ಟೇ.”

ಅವರು ಗುಂಡಿ ಒತ್ತಿದರು. ಎಲ್ಲರೊಂದಿಗೂ ಕೊಡುಕೊಳ್ಳುವಿಕೆ ನಡೆಸಿದ್ದ ಬೆನ್ನುಹುರಿಯವರ ಅಂಕಿ ಸೊನ್ನೆಗಿಳಿಯಿತು. ಮೇಡಂ ಅಷ್ಟು ವರ್ಷ ಪ್ರಾಮಾಣಿಕವಾಗಿ ಕೊಟ್ಟಿದ್ದೆಲ್ಲ ನಮ್ಮವನ ಒಂದು ಬೆಳಗಿನ ಕೃತಜ್ಞತೆಯಿಂದ ಅಳಿಸಿಹೋಯಿತು. ಅವನ ಹೆಸರಿನ ಮುಂದೆಯೂ ಸೊನ್ನೆ. ಪರದೆಯ ಮೇಲೆ ಉಳಿದದ್ದು ಕಿವಿಯ ನರದವರ ಹೆಸರೊಂದೇ.

ಅವರು ಕುರ್ಚಿ ಬಿಟ್ಟು ಎದ್ದು, ನೇರ ಇವನ ಬಳಿ ಬಂದು ಎರಡೂ ಕೈ ಹಿಡಿದುಕೊಂಡರು. ಆ ಮುಖ ಮೊದಲ ಸಲ ಅರಳಿತ್ತು, ಕಣ್ಣಲ್ಲಿ ನೀರಿತ್ತು.

“ನಾನು ಹಾಕಲ್ಲ ಅಂತ ಬಾಗಿಲು ಮುಚ್ಚಿದ ಮೇಲೂ ನನ್ನದನ್ನೆಲ್ಲ ಹಾಕಿದ್ದೀರಲ್ಲ! ಇಡೀ ಸಂಸ್ಥೆಯಲ್ಲಿ ಏನನ್ನೂ ಬಯಸದೆ ನನ್ನ ಕೆಲಸ ಉಲ್ಲೇಖಿಸಿದೋರು ನೀವೊಬ್ರೇ ಸಾರ್.”