ಡಾಕ್ಟರ ಹೆಬ್ಬೆಟ್ಟು

ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ ಕೂತವನು ನಗುವಿಗಾಗಿ ಎಲ್ಲಿಗೂ ಹೋಗಬೇಕಾಗಿಲ್ಲ, ನಗುವೇ ಚೀಟಿ ಹಿಡಿದುಕೊಂಡು ಬಂದು ನಿಲ್ಲುತ್ತದೆ. ನಗುವುದಕ್ಕೆ ನನ್ನಲ್ಲಿ ತ್ರಾಣ ಉಳಿದಿಲ್ಲ, ಅಷ್ಟೇ.

ವಿಮಾನ ನಿಲ್ದಾಣ ಬಂದಮೇಲೆ ದೇವನಹಳ್ಳಿಯ ನಮ್ಮ ಆಸ್ಪತ್ರೆಗೂ ಕಂಪ್ಯೂಟರ್ ಬಂತು, ಅದರ ಬೆನ್ನಿಗೇ ನಿಯಮವೂ ಬಂತು. ನಿದ್ದೆ ಮಾತ್ರೆ, ಕ್ಯಾನ್ಸರ್ ನೋವಿನ ಮಾತ್ರೆ ಇಂಥವನ್ನೆಲ್ಲ ಡಾಕ್ಟರು ಕಂಪ್ಯೂಟರಿನಲ್ಲೇ ಬರೆದು, ಪ್ರತಿ ಸಲವೂ ತಮ್ಮ ಹೆಬ್ಬೆಟ್ಟನ್ನು ಯಂತ್ರದ ಮೇಲೆ ಒತ್ತಬೇಕು. ಒತ್ತದಿದ್ದರೆ ನನ್ನ ಕಪಾಟಿನಿಂದ ಒಂದು ಮಾತ್ರೆಯೂ ಆಚೆ ಬರುವಂತಿಲ್ಲ. ನಿಯಮ ಒಳ್ಳೆಯದೇ. ಅದನ್ನು ದಿನವೂ ಜನಕ್ಕೆ ವಿವರಿಸುವ ಕೆಲಸ ಮಾತ್ರ ಯಾರಿಗೂ ಬೇಡ.

ಶಿಫಾರಸು

ಒಬ್ಬರು ಬಂದು ನಿದ್ದೆ ಮಾತ್ರೆ ಕೇಳಿದರು. ಡಾಕ್ಟರು ಬರೆಯದೆ ಆಗುವುದಿಲ್ಲ ಎಂದೆ. ತಕ್ಷಣ ಪಂಚಾಯಿತಿ ಮೆಂಬರಿಗೆ ಫೋನ್ ಹಚ್ಚಿ ನನ್ನ ಕೈಗಿಟ್ಟರು.

"ಏನಪ್ಪಾ, ಅವ್ರು ನಮ್ಮೋರು ಕಣಪ್ಪಾ. ಕೊಟ್ಬಿಡು."

"ನನ್ನದೇನಿಲ್ಲಣ್ಣ, ಕಂಪ್ಯೂಟರ್ ಬಿಡಲ್ಲ."

ಮೆಂಬರು ದನಿ ಏರಿಸಿದರು.

"ಹಂಗಾದ್ರೆ ಫೋನ್ ಅದ್ಕೇ ಕೊಡು. ನಾನ್ ಮಾತಾಡ್ತೀನಿ."

ಹಲಸಿನ ಅಂಟು

ಕುಂದಾಣದ ಕಡೆಯ ಅಜ್ಜಿಯೊಬ್ಬರು ಗಂಡನ ಮಾತ್ರೆಗೆ ಬರುತ್ತಿದ್ದರು. ಯಜಮಾನರಿಗೆ ಮೂಳೆ ಕ್ಯಾನ್ಸರ್. ಮಾತ್ರೆ ಮುಗಿದರೆ ಆ ಮನುಷ್ಯ ಟವಲ್ ಕಚ್ಚಿಕೊಂಡು ಮಲಗಿರುತ್ತಾರಂತೆ. ಅದನ್ನು ಕೇಳಿದ ಮೇಲೆ ಅಜ್ಜಿಯನ್ನು ಕಾಯಿಸುವುದೆಂದರೆ ನನಗೆ ಸಂಕಟ.

ಅವತ್ತು ಡಾಕ್ಟರು ತೂಬಗೆರೆಯ ನೆಂಟರ ತೋಟದಲ್ಲಿ ಹಲಸಿನ ಹಣ್ಣು ತಿಂದು ನೇರವಾಗಿ ಬಂದಿದ್ದರು. ಯಂತ್ರ ಅವರ ಹೆಬ್ಬೆಟ್ಟನ್ನು ಗುರುತಿಸಲಿಲ್ಲ. ಸೋಪು ಹಾಕಿ ತೊಳೆದರು, ಸ್ಪಿರಿಟ್ ಸುರಿದರು, ಅಂಟು ಜಗ್ಗಲಿಲ್ಲ. ಅಜ್ಜಿ ಎದ್ದು ಬಂದು ಡಾಕ್ಟರ ಕೈ ಎಳೆದುಕೊಂಡು, ನರ್ಸಮ್ಮನ ಹತ್ತಿರ ಕೊಬ್ಬರಿ ಎಣ್ಣೆ ಇಸಿದುಕೊಂಡು ತಿಕ್ಕಿ, ಸೆರಗಿನಲ್ಲಿ ಒರೆಸಿದರು. ಯಂತ್ರ ಒಪ್ಪಿತು. ಡಾಕ್ಟರು ಕೈಮುಗಿದರು.

ಅಜ್ಜಿ ಕನಿಕರದಿಂದ ಕೇಳಿದರು: "ಮೊದಲ್ನೇ ಸಲ ತಿಂದಿದ್ದಾ ಸಾಮಿ?"

ಮದುವೆ ಮಂಟಪ

ಮುಂದಿನ ಸಲ ಅಜ್ಜಿ ಬಂದ ದಿನ ಡಾಕ್ಟರ ಮಗಳ ಮದುವೆ. ಮನೆಯಲ್ಲಿ ಮಾತ್ರೆ ಪೂರ್ತಿ ಖಾಲಿ. ಬರೆಯುವ ಅಧಿಕಾರ ಇದ್ದದ್ದು ಅವರೊಬ್ಬರಿಗೇ. ಫೋನ್ ಮಾಡಿದೆ.

"ಕಂಕಣ ಕಟ್ಟಿಬಿಟ್ಟಿದ್ದಾರೆ ಕಣಯ್ಯಾ, ಮಂಟಪ ಬಿಟ್ಟು ಬರೋ ಹಾಗಿಲ್ಲ. ನೀನೇ ಯಂತ್ರ ತಗೊಂಡು ಬಾ."

ಲ್ಯಾಪ್‌ಟಾಪು, ಯಂತ್ರ, ಮಾತ್ರೆ, ಅಜ್ಜಿ, ಎಲ್ಲವನ್ನೂ ಆಟೋದಲ್ಲಿ ಹೇರಿಕೊಂಡು ಹೋದೆ. ಮಂಟಪದ ಬಾಗಿಲಲ್ಲಿ ಮುಯ್ಯಿ ಬರೆಯುವ ಮೇಜಿನ ಮೇಲೆ ಯಂತ್ರ ಇಟ್ಟು, ಕಾವಲಿಗೆ ಅಜ್ಜಿಯನ್ನು ಕೂರಿಸಿ, ಮಾತ್ರೆಯ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಡಾಕ್ಟರನ್ನು ಕರೆಯಲು ಒಳಗೆ ಹೋದೆ.

ಅವರನ್ನು ಕರೆದುಕೊಂಡು ಬರುವಷ್ಟರಲ್ಲಿ ಮೇಜಿನ ಮುಂದೆ ರಸ್ತೆಯವರೆಗೆ ಸಾಲು! ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಹೆಬ್ಬೆಟ್ಟು ಒತ್ತುತ್ತಿದ್ದಾರೆ. ರೇಷ್ಮೆ ಶರ್ಟಿನ ಮಹಾಶಯರೊಬ್ಬರು ಕೂಗುತ್ತಿದ್ದಾರೆ: "ಲೈನಲ್ ಬನ್ರೀ! ಒತ್ತಿದೋರು ಊಟಕ್ಕೆ ಹೋಗ್ರೀ!"

ತಪ್ಪು ಬೆರಳು ಜಾಸ್ತಿ ಬಿದ್ದರೆ ಯಂತ್ರ ಅರ್ಧ ಗಂಟೆ ಯಾರಿಗೂ ಬಗ್ಗುವುದಿಲ್ಲ. ಡಾಕ್ಟರು ಜರಿ ಪಂಚೆಯಲ್ಲಿ ಹೆಬ್ಬೆಟ್ಟು ಎತ್ತಿಕೊಂಡು ನಿಂತರು. ಒಳಗಿನಿಂದ ಪುರೋಹಿತರು "ಧಾರೆಗೆ ಹೊತ್ತಾಯ್ತು, ಹುಡುಗಿ ತಂದೆ ಎಲ್ಲಿ?" ಎಂದು ಕೂಗುತ್ತಲೇ ಇದ್ದರು. ಅಳಬೇಕೋ ನಗಬೇಕೋ ತಿಳಿಯದೆ ನಾನು ಪರದೆಯನ್ನೇ ನೋಡುತ್ತಿದ್ದೆ. ಕೊನೆಗೂ ಅದು ತೆರೆಯಿತು. ಡಾಕ್ಟರು ಒತ್ತಿದರು, ಯಂತ್ರ ಒಪ್ಪಿತು, ಅವರು ಪಂಚೆ ಎತ್ತಿಕೊಂಡು ಒಳಗೆ ಓಡಿದರು. ಹಿಂದೆಯೇ ಗಟ್ಟಿಮೇಳ ಕೇಳಿಸಿತು.

ಮಾತ್ರೆಯನ್ನು ಅಜ್ಜಿಯ ಕೈಗಿಟ್ಟೆ. ಅವರು ಅದನ್ನು ಸೆರಗಿಗೆ ಎರಡೆರಡು ಗಂಟು ಹಾಕಿಕೊಂಡರು. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ಯಾರಜ್ಜಿ ಇದನ್ನ ಶುರು ಮಾಡಿದ್ದು?"

"ನಾನೇ ಕಣಪ್ಪಾ. ಸೊಸೈಟೀಲಿ ಒತ್ತಿದ್ರೆ ತಾನೇ ಅಕ್ಕಿ ಕೊಡೋದು? ನಾನೇ ಒತ್ತಿದ್ರೆ ಮಾತ್ರೆ ಬೇಗ ಸಿಗ್ತದೆ ಅಂತ ಒತ್ತಿದೆ. ಹಿಂದಿದ್ದೋರು ನನ್ನ ನೋಡ್ಕೊಂಡು ನಿಂತ್ಬಿಟ್ರು."

ನಾನು ತಲೆಯ ಮೇಲೆ ಕೈ ಹೊತ್ತು ಕೂತೆ. ಅಜ್ಜಿ ಒಳಗಿನ ಊಟದ ಸಾಲಿನ ಕಡೆಗೊಮ್ಮೆ ನೋಡಿದರು.

"ಮಾತ್ರೆ ನುಂಗಿದ್ಮೇಲೆ ನಮ್ಮ ಯಜಮಾನ್ರು ಒಂದಿಷ್ಟು ತಿಂತಾರೆ. ನಾನು ನಾಕು ಸಲ ಒತ್ತಿದ್ದೀನಪ್ಪಾ. ನಾಕು ಒಬ್ಬಟ್ಟು ಕಟ್ಸ್‌ಕೊಡು."