ತಲೆಯ ಮೇಲಿನ ಕವಾಯತು

ಹಾಸಿಗೆ ಅಂಗಡಿಯ ಸೇಲ್ಸ್‌ಮನ್‌ಗೆ ಮೂರು ತಿಂಗಳಿಂದ ನಿದ್ದೆಯಿಲ್ಲ. ಕಾರಣ, ಮೇಲಿನ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು. ಅವರಿಗೆ ನಿದ್ದೆ ಬರುವುದಿಲ್ಲ. ಬಾರದ ನಿದ್ದೆಯನ್ನು ಹುಡುಕಿಕೊಂಡು ರಾತ್ರಿಯಿಡೀ ಇವನ ತಲೆಯ ಮೇಲೆ ಲೆಫ್ಟ್ ರೈಟ್ ಹಾಕುತ್ತಾರೆ. ಹೇಳಿಕೊಂಡರೆ, "ಹಾಸಿಗೆ ಮಾರೋನು ನೀನು, ನಿಂಗೇನಯ್ಯಾ ನಿದ್ದೆಗೆ ಬರ?" ಎನ್ನುತ್ತಾರೆ.

ಅವತ್ತು ಬೆಳಿಗ್ಗೆ ಮಾಲೀಕ ಕೊನೆಯ ಎಚ್ಚರಿಕೆ ಕೊಟ್ಟ. "ನಮ್ಮ ಹಾಸಿಗೆ ಮಾರೋನೇ ಹೀಗೆ ಆಕಳಿಸಿದ್ರೆ ಜನ ಏನಂದ್ಕೋತಾರೆ? ಇನ್ನೊಂದ್ಸಲ ತೂಕಡಿಸು, ನಾಳೆಯಿಂದ ಬರಬೇಡ."

ಹನ್ನೊಂದು ಗಂಟೆಗೆ ಸೇಲ್ಸ್‌ಮನ್ ದಪ್ಪನೆಯ ಗಿರಾಕಿಯೊಬ್ಬರ ಹೊಟ್ಟೆ ಒತ್ತಿ, "ಅಪ್ಪಟ ಸ್ಪಂಜು ಸಾರ್, ಹತ್ತು ವರ್ಷ ಗ್ಯಾರಂಟಿ" ಎಂದ.

"ಮುಖ ತೊಳ್ಕೊಂಡು ಬಾರೋ, ನಿನ್ನ ಕೆಲಸಕ್ಕೇ ಗ್ಯಾರಂಟಿ ಇಲ್ಲ!" ಎಂದಳು ಕ್ಯಾಶಿಯರ್ ಅಕ್ಕ.

ತೊಳೆದು ದಿಂಬಿನ ಕವರಿನಲ್ಲಿ ಒರೆಸಿಕೊಂಡ. ಅದರ ಚೀಟಿ ಕೆನ್ನೆಗೆ ಅಂಟಿತು: 'ಶೇಕಡಾ ನಲವತ್ತು ರಿಯಾಯಿತಿ'. ಅವನ ಅಂದಿನ ಸ್ಥಿತಿಗೆ ಅದು ಕಡಿಮೆಯೇ.

ಮಧ್ಯಾಹ್ನ, ರಸ್ತೆಗೆ ಕಾಣುವ ಗಾಜಿನ ಕಿಟಕಿಯಲ್ಲಿದ್ದ ದುಬಾರಿ ಹಾಸಿಗೆಯ ಹೊದಿಕೆ ಸರಿಮಾಡಲು ಬಗ್ಗಿದವನು, ಬಗ್ಗಿದಂತೆಯೇ ಕೊರಡಿನ ಹಾಗೆ ಬಿದ್ದುಕೊಂಡ.

ಎಚ್ಚರವಾದಾಗ ಗಾಜಿನಾಚೆ ಜನವೋ ಜನ. ಪಕ್ಕದಲ್ಲಿ ಮಾಲೀಕ. ಕೆಲಸ ಹೋಯಿತೆಂದು ಸೇಲ್ಸ್‌ಮನ್ ಚಪ್ಪಲಿ ಹುಡುಕತೊಡಗಿದ.

"ಯಾಕಪ್ಪಾ ಎದ್ದೆ? ಮಲಕ್ಕೋ ರಾಜಾ! ನಿನ್ನ ನೋಡಿನೇ ಏಳು ಹಾಸಿಗೆ ಹೋಯ್ತು. ನಾಳೆಯಿಂದ ಹತ್ತರಿಂದ ಆರು, ಇಲ್ಲೇ ಮಲಗೋದೇ ನಿನ್ನ ಕೆಲಸ!"

ಸಾಲಿನಲ್ಲಿ ಎಂಟನೆಯವರು ಡ್ರಿಲ್ ಮೇಷ್ಟ್ರು. "ನಂಗೂ ಅದೇ ಕೊಡಿ. ನಮ್ಮ ಕೆಳಗಿನ ಮನೆಯೋನು ಇಷ್ಟು ಚೆನ್ನಾಗಿ ಮಲಗ್ತಾನೆ ಅಂತ ಗೊತ್ತೇ ಇರಲಿಲ್ಲ."

ಸೇಲ್ಸ್‌ಮನ್‌ಗೆ ಕಣ್ಣೀರೇ ಬಂತು. "ಬೇಗ ಕೊಡಿ ಸಾರ್! ಇವರು ರಾತ್ರಿಯೆಲ್ಲ ನಡೆಯೋದಕ್ಕೇ ನಾನು ಹಗಲಲ್ಲಿ ಹೀಗೆ ಬೀಳೋದು. ಇವರು ಮಲಗಿದ್ರೆ ನಾನೂ ಮಲಗ್ತೀನಿ!"

ಬಿಲ್ಲು ಬರೆಯುತ್ತಿದ್ದ ಮಾಲೀಕನ ಪೆನ್ನು ನಿಂತಿತು. ಅವನು ಮೇಷ್ಟ್ರನ್ನು ನೋಡಿದ, ಗಾಜಿನಾಚೆಯ ಜನರನ್ನು ನೋಡಿದ, ಮೆಲ್ಲಗೆ ಬಿಲ್ಲು ಹರಿದ.

"ನಿಮಗ್ಯಾಕೆ ಮೇಷ್ಟ್ರೇ ಹಾಸಿಗೆ? ಈ ವಯಸ್ಸಲ್ಲಿ ನಡಿಗೇನೇ ಆರೋಗ್ಯ." ಕ್ಯಾಶಿಯರ್ ಅಕ್ಕನ ಕಿವಿಯಲ್ಲಿ ಏನೋ ಹೇಳಿ ಪಕ್ಕದ ಅಂಗಡಿಗೆ ಕಳಿಸಿದ.

ಅವಳು ತಂದದ್ದು ಹೊಸ ಬೂಟು. ಹಿಮ್ಮಡಿಗೆ ಕಬ್ಬಿಣದ ಲಾಳ. ಮೇಷ್ಟ್ರು ಅಲ್ಲೇ ಹತ್ತು ಹೆಜ್ಜೆ ಹಾಕಿದರು. ಟಕ್, ಟಕ್, ಟಕ್.

"ಸದ್ದು ಬೊಂಬಾಟಾಗಿದೆ!" ಎಂದರು ಖುಷಿಯಿಂದ.

"ಅಂಗಡಿ ಕಡೆಯಿಂದ ಕಾಣಿಕೆ," ಎಂದು ಮಾಲೀಕ ಕೈಮುಗಿದ. "ದಿನಾ ಹಾಕ್ಕೊಳ್ಳಿ ಮೇಷ್ಟ್ರೇ. ಮನೆ ಒಳಗೂ."